ಏಳು ವರ್ಷದ ಮಗಳನ್ನು ಕುದುರೆ ಸವಾರಿ ಶಿಬಿರಕ್ಕೆ ಕಳುಹಿಸಬಹುದೇ?

ಬೆಂಗಳೂರಿನ ಬೇಸಿಗೆ ಸವಾರಿ ಶಿಬಿರಕ್ಕೆ ಏಳು ವರ್ಷದ ಮಗಳನ್ನು ಸೇರಿಸಲು ಭಯ, ಆದರೆ ಅವಳು ಹಟ ಹಿಡಿದಿದ್ದಾಳೆ ಎಂದು ಬರೆದಿದ್ದೀರಿ. ಖಂಡಿತ ಸೇರಿಸಿ. 2018ರ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಕೂಡ ಚಿಕ್ಕಂದಿನಲ್ಲೇ ಕುದುರೆ ಏರಿದವರು.

ಹಣ ಕಟ್ಟುವ ಮೊದಲು ಒಂದು ಬೆಳಿಗ್ಗೆ ಹೋಗಿ ತರಗತಿಯನ್ನು ನಿಂತು ನೋಡಿ. ಹೊಸ ಮಕ್ಕಳನ್ನು ಉದ್ದನೆಯ ಹಗ್ಗ ಕಟ್ಟಿದ ಕುದುರೆಯ ಮೇಲೆ ಕೂರಿಸಿ, ತರಬೇತುದಾರರು ನಡುವೆ ನಿಂತು ಸುತ್ತು ಹಾಕಿಸಬೇಕು. ಮೊದಲ ದಿನವೇ ಲಗಾಮು ಕೈಗೆ ಕೊಟ್ಟು ಬಿಟ್ಟುಬಿಡುವ ಜಾಗ ಬೇಡವೇ ಬೇಡ. ಲಾಯದೊಳಗೂ ಹೋಗಿ. ಕುದುರೆಗಳ ಪಕ್ಕೆಲುಬು ಎದ್ದು ಕಾಣುತ್ತಿದ್ದರೆ, ಜೀನು ಕೂರುವಲ್ಲಿ ಗಾಯವಿದ್ದರೆ ಹಾಗೆಯೇ ಹಿಂತಿರುಗಿ ಬನ್ನಿ. ನೋವು ತಿನ್ನುತ್ತಿರುವ ಪ್ರಾಣಿಯ ಮೇಲೆ ಮಗುವನ್ನು ಕೂರಿಸುವುದು ಇಬ್ಬರಿಗೂ ಅನ್ಯಾಯ, ಅಪಾಯವೂ ಹೌದು.

ಸೈಕಲ್ ಹೆಲ್ಮೆಟ್ ಸಾಲದು. ಸವಾರಿಗೆಂದೇ ಮಾಡಿದ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಬೇಕು. ಶೂಗೆ ಸಣ್ಣ ಹಿಮ್ಮಡಿ ಇರಲಿ. ಚಪ್ಪಟೆ ಅಟ್ಟೆಯಾದರೆ ಪಾದ ರಿಕಾಪಿನೊಳಗೆ (ಸವಾರರು ಕಾಲಿಡುವ ಬಳೆ) ಜಾರಿ ಸಿಕ್ಕಿಕೊಳ್ಳಬಹುದು, ಬಿದ್ದಾಗ ಕುದುರೆ ಮಗುವನ್ನು ಎಳೆದುಕೊಂಡು ಓಡಬಹುದು. ಜೀನ್ಸ್ ಹೊಲಿಗೆ ತೊಡೆ ಉಜ್ಜುತ್ತದೆ, ಮೆತ್ತನೆಯ ಉದ್ದ ಪ್ಯಾಂಟ್ ಹಾಕಿಸಿ.

ಏಪ್ರಿಲ್, ಮೇ ಬಿಸಿಲಿಗೆ ಮುಂಜಾನೆಯ ತಂಡವನ್ನೇ ಆರಿಸಿಕೊಳ್ಳಿ. ಕುದುರೆಯ ಮೈ ಉಜ್ಜುವುದು, ಮೇವು ಹಾಕುವುದು, ಹಿಂದಿನಿಂದ ಹತ್ತಿರ ಹೋಗಬಾರದೆಂಬುದು, ಇವನ್ನೆಲ್ಲ ಕಲಿಸುವ ಶಿಬಿರ ಸಿಕ್ಕರೆ ಶುಲ್ಕ ಸ್ವಲ್ಪ ಹೆಚ್ಚಾದರೂ ಅಲ್ಲಿಗೇ ಸೇರಿಸಿ. ಮಗಳಿಗೆ ಉಬ್ಬಸ ಅಥವಾ ಧೂಳಿನ ಅಲರ್ಜಿ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.