ಆರು ಪಂದ್ಯ ಗೆದ್ದವನು ಎರಡನೆಯವನಾದದ್ದು ಹೇಗೆ?

ಪ್ರಶ್ನೆ: ನಾವು 14 ಗೆಳೆಯರು ರಿಮೋಟ್ ಕಾರುಗಳ ಪಂದ್ಯ ನಡೆಸುತ್ತೇವೆ. ವರ್ಷಕ್ಕೆ 8 ಪಂದ್ಯ. ಗೆದ್ದವನಿಗೆ 14 ಅಂಕ, ಎರಡನೆಯವನಿಗೆ 13, ಹೀಗೆ ಇಳಿಯುತ್ತಾ ಕೊನೆಯವನಿಗೆ 1. ಈ ಸಲ ಆರು ಪಂದ್ಯ ಗೆದ್ದ ಹುಡುಗ ಪರೀಕ್ಷೆಯ ಕಾರಣ ಉಳಿದೆರಡಕ್ಕೆ ಬರಲಿಲ್ಲ. ಎಂಟರಲ್ಲೂ ನಾಲ್ಕನೆಯವರಾಗಿದ್ದ ಹಿರಿಯರೊಬ್ಬರು ವರ್ಷದ ಮೊದಲಿಗರಾದರು. ಗುಂಪು ಒಡೆಯುವಂತಾಗಿದೆ. ಏನು ಮಾಡೋಣ?
– ಓದುಗ, ಬೀದರ್

ಉತ್ತರ: ಕಲಬುರಗಿಯ ನೆಹರೂ ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆದು ಬದುಕಿದವನು ನಾನು. ನಿಮ್ಮ ಪತ್ರ ಓದುತ್ತಿದ್ದಂತೆ ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಹಿರಿಯರಿಗೆ ಹನ್ನೊಂದೆಂಟಲೆ 88, ಹುಡುಗನಿಗೆ ಹದಿನಾಲ್ಕಾರಲೆ 84. ಕೂಡಿಸಿದವರ ತಪ್ಪೇನೂ ಇಲ್ಲ; ತಪ್ಪಿರುವುದು ಪಟ್ಟಿಯಲ್ಲಿ. ಗೆದ್ದವನಿಗೂ ಎರಡನೆಯವನಿಗೂ ಒಂದೇ ಅಂಕದ ಅಂತರ, ಹದಿಮೂರನೆಯವನಿಗೂ ಹದಿನಾಲ್ಕನೆಯವನಿಗೂ ಅಷ್ಟೇ. ಗೈರಾದರೆ ಮಾತ್ರ ಒಮ್ಮೆಲೇ ಹದಿನಾಲ್ಕು ಹೋಯಿತು. ನೀವು ಬರೆದಿಟ್ಟದ್ದು ಹಾಜರಿ ಪುಸ್ತಕ.

ಫಾರ್ಮುಲಾ ಒನ್ ಕಾರು ಪಂದ್ಯದವರು 2010ರಿಂದ 25, 18, 15, 12, 10, 8, 6, 4, 2, 1 ಎಂದು ಕೊಡುತ್ತಾರೆ. ಅದನ್ನೇ ಹಿಡಿದರೆ ನಿಮ್ಮ ಹುಡುಗನಿಗೆ 150, ಹಿರಿಯರಿಗೆ 96. ಆದರೆ ಹನ್ನೊಂದನೆಯವನಿಂದ ಹದಿನಾಲ್ಕನೆಯವನವರೆಗೆ ಎಲ್ಲರಿಗೂ ಸೊನ್ನೆ. ಭಾಲ್ಕಿಯಿಂದ ಬಸ್ಸಿನಲ್ಲಿ ಕಾರು, ಚಾರ್ಜರ್, ಟೈರು ಹೊತ್ತು ಬಂದವನು ಮೂರು ತಿಂಗಳು ಸೊನ್ನೆ ಕಂಡರೆ ನಾಲ್ಕನೆಯ ತಿಂಗಳು ಬರುವುದಿಲ್ಲ. ಆದ್ದರಿಂದ ನನ್ನ ಒಲವು ಮೋಟೊ ಜಿಪಿ ಬೈಕ್ ಪಂದ್ಯಗಳ ಪಟ್ಟಿಯ ಕಡೆಗೆ: 25, 20, 16, 13, 11, ಅಲ್ಲಿಂದ 10, 9, 8 ಎಂದು ಒಂದೊಂದೇ ಇಳಿದು ಹದಿನೈದನೆಯವನಿಗೆ 1. ಮೇಲೆ ಕಡಿದಾದ ಇಳಿತ, ಕೆಳಗೆ ಸಮ. ನಿಮ್ಮ ಹದಿನಾಲ್ಕೂ ಜನರಿಗೆ ಏನಾದರೂ ಸಿಗುತ್ತದೆ, ಹೊಸಬನೊಬ್ಬ ಸೇರಿದರೆ ಅವನಿಗೂ ಜಾಗವಿದೆ.

ಇನ್ನು ಗೈರಿನ ಮಾತು. ಎಂಟರಲ್ಲಿ ಉತ್ತಮವಾದ ಆರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಪರೀಕ್ಷೆ, ಮದುವೆ, ಜಾತ್ರೆ ಎಲ್ಲವೂ ಆ ಎರಡರಲ್ಲಿ ಮುಗಿಯಲಿ. ಇದಕ್ಕೂ ಮುಳ್ಳಿದೆ. 1988ರಲ್ಲಿ ಫಾರ್ಮುಲಾ ಒನ್ ಚಾಲಕ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿದರು, ಅವರ ಎದುರಾಳಿ ಸೆನ್ನಾ 94. ಆದರೆ 16ರಲ್ಲಿ ಉತ್ತಮ 11 ಪಂದ್ಯಗಳಷ್ಟೇ ಲೆಕ್ಕಕ್ಕೆ ಎಂಬ ನಿಯಮವಿತ್ತು. 90–87ರಿಂದ ಕಿರೀಟ ಸೆನ್ನಾಗೆ. 1991ರಿಂದ ಫಾರ್ಮುಲಾ ಒನ್ ಈ ಪದ್ಧತಿಯನ್ನೇ ಕೈಬಿಟ್ಟಿತು. ಅವರಿಗೆ ಓಡಿಸುವುದೇ ಉದ್ಯೋಗ, ಗೈರಾಗುವುದು ಅಪರೂಪ. ನಮಗೆ ಹಾಗಲ್ಲ, ನಮಗೆ ಇದು ಬೇಕು. ನಮ್ಮ ರಿಮೋಟ್ ಕಾರು ಗುಂಪಿನ ಅಂಕ ಬರೆಯುವ ನನ್ನ ಕೆಂಪು ಬಟ್ಟೆಯ ರಟ್ಟಿನ ಖಾತೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಬಿಟ್ಟ ಅಂಕವನ್ನು ಅಳಿಸದೆ ಪೆನ್ಸಿಲಿನಿಂದ ಸುತ್ತು ಹಾಕುತ್ತೇನೆ. ಯಾವುದನ್ನು ಬಿಟ್ಟೆವು ಎಂಬುದು ಕಾಣುತ್ತಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಕೊನೆಯ ಪಂದ್ಯಕ್ಕೆ ಇಮ್ಮಡಿ ಅಂಕ ಎಂಬ ಆಸೆ ಬೇಡ. ಫಾರ್ಮುಲಾ ಒನ್ 2014ರಲ್ಲಿ ಅಬುಧಾಬಿಯಲ್ಲಿ ಹಾಗೆ ಮಾಡಿ ಮರುವರ್ಷವೇ ಬಿಟ್ಟಿತು. ನಮ್ಮಲ್ಲಿ ಅದನ್ನು ಮಾಡಿಸಿದವನು ನಾನೇ. ಅಂದು ಬ್ಯಾಟರಿ ಕೈಕೊಟ್ಟವನು ಆರು ತಿಂಗಳು ನನ್ನ ಜೊತೆ ಚಹಾ ಕುಡಿಯಲಿಲ್ಲ.

ಈ ವರ್ಷದ ಕಪ್ ಮಾತ್ರ ಹಿರಿಯರಿಗೇ ಸಲ್ಲಬೇಕು. ಪಟ್ಟಿ ಕೆಟ್ಟದ್ದಾದರೂ ಎಲ್ಲರೂ ಒಪ್ಪಿ ಆಡಿದ್ದೀರಿ. ಹರಾಜು ಮುಗಿದ ಮೇಲೆ ದರ ತಿದ್ದುವ ಅಡತಿಯವನ ಅಂಗಡಿಯಲ್ಲಿ ಮರುದಿನ ಯಾರೂ ಚೀಲ ಇಳಿಸುವುದಿಲ್ಲ.

ಪ್ರಶ್ನೆ: ಅತಿ ವೇಗದ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ನನ್ನದು, ಆದರೂ ನನಗೆ ಮೂರನೆಯ ಸ್ಥಾನ ಕೊಟ್ಟರು. ಇದು ನ್ಯಾಯವೇ?
– ಓದುಗ, ಶಹಾಪುರ

ಉತ್ತರ: ನ್ಯಾಯವೇ. ನಮ್ಮ ಪಂದ್ಯ ದೂರದ್ದಲ್ಲ, ಹೊತ್ತಿನದು. ಐದು ನಿಮಿಷ ಆದಾಗ ಓಡುತ್ತಿರುವ ಲ್ಯಾಪನ್ನು ಮುಗಿಸಬೇಕು. ಹೆಚ್ಚು ಲ್ಯಾಪ್ ಹಾಕಿದವನು ಮುಂದೆ, ಲ್ಯಾಪ್ ಸಮವಾದರೆ ಕಡಿಮೆ ಹೊತ್ತು ತೆಗೆದುಕೊಂಡವನು ಮುಂದೆ. 18 ಲ್ಯಾಪ್ 5 ನಿಮಿಷ 11 ಸೆಕೆಂಡು, 18 ಲ್ಯಾಪ್ 5 ನಿಮಿಷ 14 ಸೆಕೆಂಡಿಗಿಂತ ಮೇಲು. ಒಂದು ಲ್ಯಾಪ್ ಮಿಂಚಿನಂತೆ ಓಡಿಸಿ ಮುಂದಿನದರಲ್ಲಿ ಟ್ರ್ಯಾಕಿನ ಅಂಚಿನ ಪೈಪಿಗೆ ಗುದ್ದಿ ಮಗುಚಿಕೊಂಡರೆ ಮೂರನೆಯ ಸ್ಥಾನವೇ ಹೆಚ್ಚು. ವರ್ಷದ ಕೊನೆಗೆ ಇಬ್ಬರ ಅಂಕ ಸಮವಾದರೆ ಹೆಚ್ಚು ಗೆಲುವು ಯಾರದು ನೋಡಿ, ಅದೂ ಸಮವಾದರೆ ಎರಡನೆಯ ಸ್ಥಾನಗಳನ್ನು ಎಣಿಸಿ.

ಪ್ರಶ್ನೆ: ಮಗುಚಿದ ಕಾರು ಎತ್ತಲು ಯಾರೂ ನಿಲ್ಲುವುದಿಲ್ಲ. ದಂಡ ಹಾಕಬಹುದೇ?
– ಓದುಗ, ಸೇಡಂ

ಉತ್ತರ: ದುಡ್ಡಿನ ದಂಡ ಬೇಡ, ಕೊಡುವವನು ಕೊಟ್ಟು ನೆರಳಿಗೆ ಹೋಗುತ್ತಾನೆ. ತನ್ನ ಓಟ ಮುಗಿಸಿದವನು ಮುಂದಿನ ಓಟಕ್ಕೆ ತಿರುವಿನಲ್ಲಿ ಮಾರ್ಷಲ್ ಆಗಿ, ಅಂದರೆ ಮಗುಚಿದ ಕಾರು ಎತ್ತುವವನಾಗಿ, ನಿಲ್ಲಬೇಕು; ನಿಲ್ಲದಿದ್ದರೆ ಅಂತಿಮ ಓಟಕ್ಕೆ ಮುಂಚಿನ ಅಂದಿನ ಅರ್ಹತಾ ಓಟಗಳಲ್ಲಿ ಅವನ ಅತ್ಯುತ್ತಮವಾದದ್ದು ರದ್ದು. ಹೊರಗಿನ ಅನೇಕ ಕ್ಲಬ್‌ಗಳಲ್ಲೂ ಇದೇ ಕಟ್ಟಳೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಸಂಜೆ ಐದರ ಮುಂಚೆ ಪಂದ್ಯ ಇಡಬೇಡಿ. ಕಾದ ಗರಸಿನ ಮೇಲೆ ಹುಡುಗರನ್ನು ಓಡಾಡಿಸಿ, ನಿಲ್ಲದವನ ಓಟ ರದ್ದು ಮಾಡುವುದು ನನಗಂತೂ ಆಗದ ಕೆಲಸ.