ವರದಿಯಲ್ಲಿ 45 ಎಂದು ಬಂದಾಗ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಸಲಹೆಗೆ ನನ್ನ ಬಳಿ ಬಂದ ಬೆಂಗಳೂರಿನ ದಂಪತಿ. ಗಂಡನಿಗೆ 33, ಹೆಂಡತಿಗೆ 29. ಎಂಟನೇ ವಾರದಲ್ಲಿ ಒಮ್ಮೆ, ಒಂಬತ್ತನೇ ವಾರದಲ್ಲಿ ಒಮ್ಮೆ, ಎರಡು ಸಲ ಗರ್ಭ ನಿಲ್ಲಲಿಲ್ಲ. ಆಕೆಯ ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಸ್ಕ್ಯಾನ್ ಎಲ್ಲ ಸರಿಯಿದ್ದವು. ಆದರೂ ಪರಂಗಿಹಣ್ಣು ತಿಂದೆಯಾ, ಸ್ಕೂಟರ್ ಓಡಿಸಿದೆಯಾ ಎಂದು ಅತ್ತೆ ಕೇಳುವುದು ನಿಂತಿರಲಿಲ್ಲ. ಗಂಡನ ರಕ್ತ ಮಾತ್ರ ಯಾರೂ ನೋಡಿರಲಿಲ್ಲ. ಕೋಶದೊಳಗಿನ ವರ್ಣತಂತುಗಳನ್ನು ಎಣಿಸಿ ನೋಡುವ ಕ್ಯಾರಿಯೊಟೈಪ್ ಪರೀಕ್ಷೆ ಇಬ್ಬರದೂ ಆಗಬೇಕು. ಒಬ್ಬರದಾದರೆ ಅರ್ಧ ಪರೀಕ್ಷೆ.

ಮೊದಲ ಸಲ ಮನೆಗೆ ಬಂದವರು ನೇರಳೆ ಮುಚ್ಚಳದ ಈಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದರು. ಕೋಶಗಳು ಬೆಳೆಯಲೇ ಇಲ್ಲ. ಈ ಪರೀಕ್ಷೆಗೆ ಜೀವಂತ ಕೋಶ ಬೇಕು: ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬ್, 3ರಿಂದ 5 ಮಿಲಿ, ಫ್ರೀಜರ್‌ಗೆ ಇಡುವಂತಿಲ್ಲ. ಬಿಳಿ ರಕ್ತಕೋಶಗಳನ್ನು ಸುಮಾರು 72 ಗಂಟೆ ಬೆಳೆಸಿ, ವಿಭಜನೆಯ ನಡುಘಟ್ಟ ಮೆಟಾಫೇಸ್‌ನಲ್ಲಿ ಕಾಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ತಡೆಯುತ್ತಾರೆ. ವರ್ಣತಂತು ಬಿಗಿಯಾಗಿ ಸುತ್ತಿಕೊಂಡು, ಒಂದೊಂದಾಗಿ ಎಣಿಸಲು ಸಿಗುವುದು ಆಗ ಮಾತ್ರ. ಸಾಮಾನ್ಯವಾಗಿ 20 ಕೋಶ ಎಣಿಸುತ್ತಾರೆ.

ಆಕೆಯ ವರ್ಣತಂತುಗಳು ಸಹಜವಾಗಿ 46. ಗಂಡನದು 45. 13 ಮತ್ತು 14ನೇ ವರ್ಣತಂತುಗಳು ಸೆಂಟ್ರೋಮಿಯರ್ (ಗಿಡ್ಡ ತೋಳು, ಉದ್ದ ತೋಳು ಸೇರುವ ಜಾಗ) ಬಳಿ ಬೆಸೆದಿದ್ದವು. ಇದಕ್ಕೆ ರಾಬರ್ಟ್‌ಸೋನಿಯನ್ ಟ್ರಾನ್ಸ್‌ಲೊಕೇಶನ್ ಎನ್ನುತ್ತಾರೆ; ಸುಮಾರು ಸಾವಿರಕ್ಕೊಬ್ಬರಲ್ಲಿ ಇರುತ್ತದೆ.

"ಒಂದು ಕಮ್ಮಿ ಇದ್ರೂ ನಾನು ಚೆನ್ನಾಗೇ ಇದ್ದೀನಲ್ಲ ಮೇಡಂ?"

13ಕ್ಕೆ ಕೆಂಪು, 14ಕ್ಕೆ ಹಸಿರು ಉಲ್ಲನ್ ದಾರ ತೆಗೆದು ಮೇಜಿನ ಮೇಲಿಟ್ಟೆ. ಒಂದು ಕೆಂಪು, ಒಂದು ಹಸಿರು ಬಿಡಿಬಿಡಿ; ಇನ್ನೊಂದು ಜೊತೆ ತುದಿಗೆ ತುದಿ ಗಂಟು. ಕಳೆದುಹೋದದ್ದು ಗಿಡ್ಡ ತೋಳು ಮಾತ್ರ. ಅಲ್ಲಿನ ಜೀನ್‌ಗಳ ಪ್ರತಿಗಳು 15, 21, 22ನೇ ವರ್ಣತಂತುಗಳಲ್ಲೂ ಇವೆ. ಮೈಯ ಕೋಶ ಒಡೆಯುವಾಗ ಪ್ರತಿ ದಾರವೂ ತನ್ನ ನಕಲು ಮಾಡಿಕೊಂಡು ಒಂಟಿಯಾಗಿ ಸಾಲಿಗೆ ನಿಲ್ಲುತ್ತದೆ, ಜೊತೆಗಾರ ಬೇಕಿಲ್ಲ. ಹಾಗಾಗಿ ಆರೋಗ್ಯಕ್ಕೆ ತೊಂದರೆಯಿಲ್ಲ. ಆದರೆ ವೀರ್ಯಾಣು ಆಗುವ ಮಿಯೋಸಿಸ್ ಎಂಬ ವಿಭಜನೆಯಲ್ಲಿ ಜೋಡಿ ಸೇರಲೇಬೇಕು. ಆಗ ಎರಡರ ಜಾಗದಲ್ಲಿ ಮೂರು ಸೇರಿಕೊಂಡು, ಬೇರೆಯಾಗುವಾಗ ಎಡವುತ್ತವೆ.

ದಾರಗಳನ್ನು ಅವರೇ ಹಂಚಿ ನೋಡಿದರು. ಆರು ಬಗೆ ಬಂತು: ಒಂದು ಸಹಜ, ಒಂದು ಅಪ್ಪನ ಹಾಗೆಯೇ, ನಾಲ್ಕು ಏರುಪೇರು. "ಆರಕ್ಕೆ ನಾಲ್ಕು ಕೆಟ್ಟದ್ದಾ?" ಎಂದರು ಆಕೆ. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಆರೂ ಸಮಪಾಲಲ್ಲ, ಹೆಚ್ಚಿನ ವೀರ್ಯಾಣುಗಳು ಮೊದಲ ಎರಡು ಬಗೆಯವೇ. ಏರುಪೇರಾದವುಗಳಿಂದಾದ ಗರ್ಭ ಬಹುತೇಕ ಮೊದಲ ತಿಂಗಳುಗಳಲ್ಲೇ ಬಿದ್ದುಹೋಗುತ್ತದೆ. 13ನೇ ವರ್ಣತಂತು ಎರಡರ ಬದಲು ಮೂರಾಗಿ ಮಗು ಹುಟ್ಟುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ.

"ಸಂಬಂಧದಲ್ಲಿ ಮದುವೆಯಾಗಿಲ್ಲವಲ್ಲ" ಎಂದೂ ಕೇಳಿದರು. ಸೋದರಮಾವನನ್ನು ಮದುವೆಯಾಗುವುದಕ್ಕೂ ಈ ಬೆಸುಗೆಗೂ ನಂಟಿಲ್ಲ. ಅಲ್ಲಿನ ಅಪಾಯ ಬೇರೆ ಬಗೆಯದು.

ಕೊಟ್ಟ ಸಲಹೆ: ಸಹಜವಾಗಿ ಮತ್ತೆ ಪ್ರಯತ್ನಿಸಬಹುದು. ಗರ್ಭ ನಿಂತರೆ 11ರಿಂದ 13ನೇ ವಾರದಲ್ಲಿ ಸಿವಿಎಸ್ (ಮಾಸದ ಚೂರು ತೆಗೆದು ನೋಡುವ ಪರೀಕ್ಷೆ), ಇಲ್ಲವೇ 16ನೇ ವಾರದ ಹೊತ್ತಿಗೆ ಗರ್ಭಜಲ ಪರೀಕ್ಷೆ. ಮಗುವಿನಲ್ಲೂ ಬೆಸುಗೆ ಕಂಡರೆ 14ನೇ ಜೋಡಿಯ ಎರಡೂ ಒಬ್ಬರಿಂದಲೇ ಬಂದಿವೆಯೇ ಎಂಬ ಯುಪಿಡಿ ಪರೀಕ್ಷೆಯೂ ಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಲಿಂಗ ತಿಳಿಸುವುದಿಲ್ಲ. ಐವಿಎಫ್ ಜೊತೆ ಭ್ರೂಣ ಪರೀಕ್ಷೆಯ ದಾರಿಯೂ ಇದೆ. ಆದರೆ ಈ ವಯಸ್ಸಿಗೆ, ಎರಡೇ ಗರ್ಭಪಾತಕ್ಕೆ, ಮೊದಲೇ ಅಷ್ಟು ಖರ್ಚಿಗೆ ಇಳಿಯುವುದು ಬೇಡವೆಂದೇ ಹೇಳಿದೆ.

ಅತ್ತೆಗೆ ಸೊಸೆ ಹೇಳಬಾರದು, ಮಗನೇ ಹೇಳಬೇಕು. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದಿದ್ದರೆ ಗಂಡನ ತಂಗಿಗೂ ಅರ್ಧಕ್ಕರ್ಧ ಸಾಧ್ಯತೆ; ಆಕೆಗೆ ಹೋದ ತಿಂಗಳಷ್ಟೇ ಮದುವೆಯಾಗಿದೆ. ಅಣ್ಣನ ವರದಿಯ ಪ್ರತಿ ಹಿಡಿದು ಬರಲಿ, ಹಸಿರು ಮುಚ್ಚಳದ ಟ್ಯೂಬನ್ನೇ ಕೇಳಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.