ವೈಕಿಂಗರಿಂದ ಶುರು ಮಾಡಬೇಡಿ

ನಮಸ್ಕಾರ,

ಸ್ವೀಡನ್ನರ ಮೂಲದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಅದಲ್ಲ. ಪೂರ್ವೇತಿಹಾಸ ಅಂತ ಹೊರಟು ಮುಕ್ಕಾಲು ಭಾಗ ವೈಕಿಂಗರಿಗೇ ಕೊಟ್ಟಿದ್ದೀರಿ. ಅವರ ಕಾಲ ಶುರುವಾಗುವುದು ಕ್ರಿ.ಶ. 8ನೇ ಶತಮಾನದಲ್ಲಿ, ಅಷ್ಟೊತ್ತಿಗೆ ನಿಮ್ಮ ವಿಷಯ ಹೆಚ್ಚುಕಮ್ಮಿ ಮುಗಿದಿರುತ್ತದೆ. ಅದಕ್ಕೂ ಹಿಂದಿನ 10,000 ವರ್ಷವನ್ನು ‘ಹಿಮ ಕರಗಿತು, ಒಂದು ಬುಡಕಟ್ಟು ಬಂದು ನೆಲೆಸಿತು, ಅದೇ ರಕ್ತ ಇವತ್ತಿಗೂ ಹರಿಯುತ್ತಿದೆ’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಆ ಸಾಲೇ ತಪ್ಪು.

ಬಂದದ್ದು ಒಂದು ಬುಡಕಟ್ಟಲ್ಲ. ಮೊದಲು ಬೇಟೆಗಾರರು, ಅದೂ ಎರಡು ಕಡೆಯಿಂದ: ಕೆಲವರು ದಕ್ಷಿಣದಿಂದ, ಕೆಲವರು ಈಶಾನ್ಯದಿಂದ ನಾರ್ವೆ ಕರಾವಳಿ ಹಿಡಿದು. ಸುಮಾರು 6,000 ವರ್ಷಗಳ ಹಿಂದೆ ಬೇಸಾಯಗಾರರು, ಇವರ ಹಿರಿಯರ ಬೇರು ಈಗಿನ ಟರ್ಕಿಯಲ್ಲಿ. ಆಮೇಲೆ, ಸುಮಾರು 4,800 ವರ್ಷಗಳ ಹಿಂದೆ, ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ವಂಶದವರು, ಸತ್ತವರ ಜೊತೆ ಕಲ್ಲಿನ ಕೊಡಲಿ ಇಟ್ಟು ಹೂಳುತ್ತಿದ್ದ ಜನ.

ನನ್ನನ್ನು ಕೇಳಿದರೆ ನಿಮ್ಮ ಲೇಖನ ಜಾಸ್ತಿ ಹೊತ್ತು ನಿಲ್ಲಬೇಕಾದ್ದು ಸ್ವೀಡನ್ನಿಗೇ ಸೇರಿದ ಗಾಟ್‌ಲ್ಯಾಂಡ್ ದ್ವೀಪದಲ್ಲಿ. ಸುಮಾರು 5,000 ವರ್ಷಗಳ ಹಿಂದೆ ಅಲ್ಲಿನ ಆಯ್ವಿಡೆಯಲ್ಲಿ ಜನ ಸೀಲ್ ಬೇಟೆಯಾಡಿ, ಮೀನು ಹಿಡಿದು ಬದುಕುತ್ತಿದ್ದರು. ಅದೇ ಕಾಲಕ್ಕೆ, 400 ಕಿ.ಮೀ. ದೂರವೂ ಇಲ್ಲದ, ಸ್ವೀಡನ್ನಿನ ಮುಖ್ಯ ನೆಲದ ಯೋಖೆಮ್‌ನಲ್ಲಿ ರೈತರು ತಮ್ಮವರನ್ನು ದೊಡ್ಡ ಕಲ್ಲಿನ ಗೋರಿಗಳಲ್ಲಿ ಇಡುತ್ತಿದ್ದರು. 2012ರಲ್ಲಿ ಎರಡೂ ಕಡೆಯ ಮೂಳೆಗಳ ಡಿಎನ್‌ಎ ಹೋಲಿಸಿ ನೋಡಿದರೆ, ರೈತರ ಹೋಲಿಕೆ ದಕ್ಷಿಣ ಯುರೋಪಿನವರ ಜೊತೆ, ಬೇಟೆಗಾರರದ್ದು ಉತ್ತರದವರ ಜೊತೆ! ಆಯ್ವಿಡೆಯವರು ಬೇಸಾಯ ಬಿಟ್ಟು ಸಮುದ್ರಕ್ಕಿಳಿದ ರೈತರಲ್ಲ, ಬೇರೆಯೇ ಜನ. ಇದನ್ನು ಬಿಟ್ಟು ಸಮುದ್ರದ ಕಳ್ಳರ ಬಗ್ಗೆ ಯಾಕೆ ಬರೆಯುತ್ತೀರಿ ಮಾರಾಯ್ರೇ? ಸ್ವೀಡನ್ನಿನದೇ ಇನ್ನೊಂದು ಊರು ಮೊಟಾಲಾದ ಹೆಸರೂ ಇಲ್ಲ. ಅಲ್ಲಿ ಸುಮಾರು 8,000 ವರ್ಷ ಹಳೆಯ ಬುರುಡೆಗಳು ಸಿಕ್ಕಿವೆ, ಎರಡರ ಒಳಗೆ ಮರದ ಗೂಟ ಇನ್ನೂ ಇತ್ತು.

ಜೋರ್ಡಾನೆಸ್‌ನನ್ನು ಕಣ್ಣಾರೆ ಕಂಡ ಸಾಕ್ಷಿಯ ಹಾಗೆ ಬಳಸಿದ್ದೀರಿ. ಗಾಥರು ಎಂಬ ಜರ್ಮನಿಕ್ ಜನ ಸ್ಕ್ಯಾಂಡಿನೇವಿಯಾದಿಂದ ಬಂದವರು ಅಂದ ಇತಿಹಾಸಕಾರ ಅವನು; ಬರೆದದ್ದು 6ನೇ ಶತಮಾನದಲ್ಲಿ, ಅವರ ಹಿರಿಮೆ ಹೇಳಲು. ಅವನನ್ನು ಸುಮ್ನೆ ನಂಬಬೇಡಿ. 17ನೇ ಶತಮಾನದಲ್ಲಿ ಸ್ವೀಡನ್ನಿನ ಉಪ್ಸಲಾದ ವಿದ್ವಾಂಸ ಓಲೋಫ್ ರುಡ್‌ಬೆಕ್ ಇಂಥ ಹಳೇ ಮಾತುಗಳನ್ನೆಲ್ಲ ಪೋಣಿಸಿ, ಕಡಲಲ್ಲಿ ಮುಳುಗಿತು ಅಂತ ಗ್ರೀಕ್ ಕಥೆ ಹೇಳುವ ಅಟ್ಲಾಂಟಿಸ್ ಅಂದರೆ ಸ್ವೀಡನ್ನೇ ಅಂತ ವಾದಿಸಿದ್ದ.

ವೈಕಿಂಗ್ ಭಾಗ ಬೇರೆ ಲೇಖನಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಹಿಗ್ಗಿಸಿ ಕಳಿಸಿ, ಖಂಡಿತ ಓದುತ್ತೇನೆ. ಕೊಂಬಿನ ಹೆಲ್ಮೆಟ್ ಹಾಕಿದ ವೈಕಿಂಗನ ಚಿತ್ರ ಮಾತ್ರ ಎರಡಕ್ಕೂ ಬೇಡ. ಅಂಥ ನಿಜವಾದ ಹೆಲ್ಮೆಟ್ ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ, ಅದು ಕಂಚಿನ ಯುಗದ್ದು.